ಚಿಂದಿಯನ್ನು ಸುಡಬೇಡಿ

ಮಾನ್ಯರೇ,

ಮಧ್ಯಾಹ್ನದ ಕೆಲಸ ಮುಗಿದ ಮೇಲೆ ಪಡಸಾಲೆಯಲ್ಲಿ ಕೌದಿ ಹರಡಿಕೊಂಡು ಕೂರುವುದು ನನ್ನ ಹವ್ಯಾಸ. ಈಗ ಮೊಮ್ಮಗಳಿಗೆಂದು ಹೊಲಿಯುತ್ತಿರುವ ಕೌದಿಯ ಒಳಪದರ ನಮ್ಮ ಅತ್ತೆಯವರ ಇಳಕಲ್ ಸೀರೆ. ಒಗೆದು ಒಗೆದು ಬೆಣ್ಣೆಯಂತಾಗಿದೆ. ಹಳೆಯ ಹತ್ತಿಯಲ್ಲಿ ಸೂಜಿ ಸಲೀಸಾಗಿ ಓಡುತ್ತದೆ. ಪಾಲಿಯೆಸ್ಟರ್ ಜಾರುತ್ತದೆ, ಬೆವರನ್ನೂ ಹೀರುವುದಿಲ್ಲ.

ನಮ್ಮ ಓಣಿಯ ಹೊಲಿಗೆ ಅಂಗಡಿಯವರು ಸಂಜೆ ಹತ್ತಿಯ ಚೂರುಗಳನ್ನು ಕಸದೊಂದಿಗೆ ಸುಡುವುದನ್ನು ಕಂಡರೆ ಕರುಳು ಚುರುಕ್ಕೆನ್ನುತ್ತದೆ. ಕಳೆದ ವಾರ ಆ ಬೆಂಕಿಯಿಂದ ಅಂಗೈ ಅಗಲದ ಕೆಂಪು ಖಣವೊಂದನ್ನು ಎಳೆದುಕೊಂಡೆ. ಸುಟ್ಟ ಮೂಲೆಯನ್ನು ಕತ್ತರಿಸಿ, ಅಂಚು ಮಡಚಿ, ಕೌದಿಯ ನಟ್ಟನಡುವೆ ಕೂರಿಸಿದ್ದೇನೆ.

ಅಂಗಡಿಯ ಬಾಗಿಲಿಗೆ ಒಂದು ಚೀಲ ತೂಗುಹಾಕಿದರೆ ಸಾಕು, ನಾವೇ ಬಂದು ಒಯ್ಯುತ್ತೇವೆ. ಕಸದ ಗಾಡಿಯಲ್ಲಿಯೂ ಬಟ್ಟೆಗೆ ಬೇರೆ ಜಾಗವಿರಲಿ.

– ಗೃಹಿಣಿ, ಬೆಟಗೇರಿ, ಗದಗ