ಅಂಕಲ್ ಎಂದರೆ ಚಿಕ್ಕಪ್ಪನೋ, ಸೋದರಮಾವನೋ?

ಮಾನ್ಯ ಸಂಪಾದಕರೇ,

ಅಮೆರಿಕದ ಅಧ್ಯಕ್ಷರ ಮನೆತನಗಳ ಬಗ್ಗೆ ಕನ್ನಡದಲ್ಲಿ ಬರುವ ಲೇಖನಗಳಲ್ಲಿ ಕಸಿನ್‌ಗಳೆಲ್ಲ ‘ಸೋದರ ಸಂಬಂಧಿ’, ಅಂಕಲ್‌ಗಳೆಲ್ಲ ‘ಚಿಕ್ಕಪ್ಪ’ ಆಗಿಬಿಡುತ್ತಾರೆ. ವಾವೆ ವರಸೆಗೆ ಇಂಗ್ಲಿಷಿಗಿಂತ ಎಷ್ಟೋ ಹೆಚ್ಚು ಪದಗಳಿರುವ ನಮ್ಮ ಭಾಷೆಯಲ್ಲಿ ಹೀಗಾಗಬಾರದು.

ಫ್ರಾಂಕ್ಲಿನ್ ರೂಸ್‌ವೆಲ್ಟ್ ಮತ್ತು ಎಲೀನರ್ ದಂಪತಿಯನ್ನೇ ನೋಡಿ. ಎಲೀನರ್ ಹುಟ್ಟಿದ್ದೇ ರೂಸ್‌ವೆಲ್ಟ್ ಮನೆತನದಲ್ಲಿ. 1905ರ ಮಾರ್ಚ್ 17ರಂದು ಮದುವೆಯಾದಾಗ ಅವರ ಅಡ್ಡಹೆಸರು ಬದಲಾಗಲಿಲ್ಲ. ಇಬ್ಬರ ಮೂಲಪುರುಷ 1658ರಲ್ಲಿ ಹುಟ್ಟಿದ ನಿಕೋಲಸ್. ಅವರ ಮಗ ಯೊಹಾನಸ್‌ರಿಂದ ಇಳಿದದ್ದು ಆಯಿಸ್ಟರ್ ಬೇ ಕವಲು: ಯೊಹಾನಸ್, ಜೇಕಬಸ್, ಜೇಮ್ಸ್, ಕಾರ್ನೀಲಿಯಸ್, ಹಿರಿಯ ಥಿಯೋಡೋರ್, ಅವರ ಮಕ್ಕಳಾದ ಅಧ್ಯಕ್ಷ ಥಿಯೋಡೋರ್ ಮತ್ತು ಎಲಿಯಟ್, ಎಲಿಯಟ್‌ರ ಮಗಳು ಎಲೀನರ್. ಇನ್ನೊಬ್ಬ ಮಗ ಜೇಕಬಸ್‌ರಿಂದ ಹೈಡ್ ಪಾರ್ಕ್ ಕವಲು: ಜೇಕಬಸ್, ಐಸಾಕ್, ಜೇಮ್ಸ್, ಮತ್ತೆ ಐಸಾಕ್, ಮತ್ತೆ ಜೇಮ್ಸ್, ಕೊನೆಗೆ ಫ್ರಾಂಕ್ಲಿನ್. ಎಡವುವುದು ಇಲ್ಲಿಯೇ. 1726ರ ಐಸಾಕ್ ಮತ್ತು 1790ರ ಐಸಾಕ್ ಒಬ್ಬರೇ ಎಂದುಕೊಂಡರೆ ಎರಡು ತಲೆಮಾರು ಕಾಣೆಯಾಗುತ್ತವೆ.

ನಿಕೋಲಸ್‌ರ ಮಕ್ಕಳನ್ನು ಮೊದಲ ತಲೆಮಾರು ಎಂದು ಹಿಡಿದರೆ ಅಧ್ಯಕ್ಷ ಥಿಯೋಡೋರ್, ಎಲಿಯಟ್, ಫ್ರಾಂಕ್ಲಿನ್ ಮೂವರೂ ಆರನೆಯವರು, ಎಲೀನರ್ ಏಳನೆಯವರು. ಮೊದಲನೆಯವರು ಒಡಹುಟ್ಟಿದವರು, ಎರಡನೆಯವರು ಫಸ್ಟ್ ಕಸಿನ್, ಹೀಗೆ ಆರನೆಯವರು ಫಿಫ್ತ್ ಕಸಿನ್. ಒಂದು ತಲೆಮಾರು ಕೆಳಗಿದ್ದರೆ ‘ಒನ್ಸ್ ರಿಮೂವ್ಡ್’. ಸಂಬಂಧ ಕಡಿದುಹೋಯಿತು ಎಂದು ಅದರ ಅರ್ಥವಲ್ಲ.

ಈಗ ನಮ್ಮ ಲೆಕ್ಕ. ಎರಡೂ ಕವಲು ತಂದೆಯಿಂದ ಮಗನಿಗೇ ಇಳಿದಿರುವುದರಿಂದ ಇವರು ದಾಯಾದಿಗಳು. ಎಲಿಯಟ್ ಹುಟ್ಟಿದ್ದು 1860ರಲ್ಲಿ, ಫ್ರಾಂಕ್ಲಿನ್ 1882ರಲ್ಲಿ. ಅಂದರೆ ವರಸೆಯಲ್ಲಿ ಫ್ರಾಂಕ್ಲಿನ್ ತಮ್ಮ ಹೆಂಡತಿಗೆ ಚಿಕ್ಕಪ್ಪ! ಥಿಯೋಡೋರ್ ಫ್ರಾಂಕ್ಲಿನ್‌ಗೆ ಅಣ್ಣನ ವರಸೆಯವರು, ಎಲೀನರ್‌ಗೆ ಸ್ವಂತ ದೊಡ್ಡಪ್ಪ. ಎಲಿಯಟ್ ಅಷ್ಟರಲ್ಲಿ ತೀರಿಕೊಂಡಿದ್ದರಿಂದ ಮದುಮಗಳನ್ನು ಒಪ್ಪಿಸಿಕೊಟ್ಟವರೂ ಅವರೇ. ಇದನ್ನು ‘ಸೋದರ ಸಂಬಂಧದಲ್ಲಿ ಮದುವೆ’ ಎಂದು ಬರೆದರೆ ನಮ್ಮ ಓದುಗರಿಗೆ ಹೊಳೆಯುವುದು ಸೋದರತ್ತೆ, ಸೋದರಮಾವನ ಮಕ್ಕಳ ಮದುವೆ. ನಡೆದದ್ದು ಅದಕ್ಕೆ ಪೂರ್ತಿ ವಿರುದ್ಧ. ಎಂಟನೇ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರನ್ 1807ರಲ್ಲಿ ಮದುವೆಯಾದ ಹ್ಯಾನಾ ಹೋಸ್ ಕೂಡ ‘ಒನ್ಸ್ ರಿಮೂವ್ಡ್’ ಕಸಿನ್. ಆದರೆ ಆ ನಂಟು ತಾಯಿ ಮರಿಯಾ ಹೋಸ್ ಅವರ ತವರಿನದು.

‘ಮಲ’ ಎಂಬ ಪದದಲ್ಲೂ ಇಂಥದೇ ತೊಡಕಿದೆ. ಜಾರ್ಜ್ ವಾಷಿಂಗ್ಟನ್ ಸಾಕಿದ್ದು ಹೆಂಡತಿ ಮಾರ್ಥಾರ ಮೊದಲ ಗಂಡನ ಮಕ್ಕಳನ್ನು. ಅವರು ಮಲಮಕ್ಕಳು, ರಕ್ತಸಂಬಂಧವಿಲ್ಲ. ಥಾಮಸ್ ಜೆಫರ್ಸನ್ ಪತ್ನಿ ಮಾರ್ಥಾ ಮತ್ತು ಅವರ ಮನೆಯಲ್ಲಿ ಗುಲಾಮಳಾಗಿದ್ದ ಸ್ಯಾಲಿ ಹೆಮಿಂಗ್ಸ್ ಇಬ್ಬರಿಗೂ ಜಾನ್ ವೇಲ್ಸ್ ತಂದೆ ಎಂದು ಇತಿಹಾಸಕಾರರು ಒಪ್ಪುತ್ತಾರೆ. ಇಲ್ಲಿ ‘ಮಲತಂಗಿ’ ಸಾಲದು. ‘ತಂದೆ ಒಬ್ಬರೇ, ತಾಯಿ ಬೇರೆ’ ಎಂದೇ ಬರೆಯಬೇಕು.

ಸ್ಯಾಲಿಯ ಮಕ್ಕಳ ತಂದೆ ಜೆಫರ್ಸನ್ನರೇ ಎಂದು ತಿಳಿಯಲು ನಡೆದ 1998ರ ಡಿಎನ್‌ಎ ಪರೀಕ್ಷೆಯ ವಿಷಯದಲ್ಲಂತೂ ನಂಟಿನ ಪದ ತಪ್ಪಿದರೆ ವಿಜ್ಞಾನವೇ ತಪ್ಪುತ್ತದೆ. ಮಾರ್ಥಾ ಅವರಲ್ಲಿ ಜೆಫರ್ಸನ್‌ಗೆ ಬದುಕುಳಿದ ಗಂಡುಮಕ್ಕಳಿರಲಿಲ್ಲ. ಹಾಗಾಗಿ ಅವರ ‘ಅಂಕಲ್’ ಫೀಲ್ಡ್ ಜೆಫರ್ಸನ್ ವಂಶದ ಗಂಡಸರ ವೈ ಕ್ರೋಮೋಸೋಮನ್ನು ಸ್ಯಾಲಿಯ ಮಗ ಎಸ್ಟನ್‌ನ ವಂಶದ ಗಂಡಸೊಬ್ಬರದಕ್ಕೆ ಹೋಲಿಸಿದರು, ತಾಳೆಯಾಯಿತು. ವೈ ಕ್ರೋಮೋಸೋಮ್ ಇಳಿಯುವುದು ತಂದೆಯಿಂದ ಮಗನಿಗೆ ಮಾತ್ರ. ಫೀಲ್ಡ್ ಅವರನ್ನು ಸೋದರಮಾವ ಎಂದು ಅನುವಾದಿಸಿದರೆ ಆ ಪರೀಕ್ಷೆಗೆ ಅರ್ಥವೇ ಇರುವುದಿಲ್ಲ. ಅವರು ತಂದೆ ಪೀಟರ್‌ರ ಅಣ್ಣ, ದೊಡ್ಡಪ್ಪ. ಇದೇ ಕಾರಣಕ್ಕೆ ಈ ಪರೀಕ್ಷೆಯೊಂದೇ ಥಾಮಸ್ ಮತ್ತು ಅವರ ತಮ್ಮ ರಾಂಡಾಲ್ಫ್ ಇಬ್ಬರನ್ನು ಬೇರ್ಪಡಿಸಲಾರದು. ಎಸ್ಟನ್ ಗರ್ಭದಲ್ಲಿ ಮೂಡಿದ ಕಾಲಕ್ಕೆ ಥಾಮಸ್ ತಮ್ಮ ಮನೆ ಮಾಂಟಿಸೆಲ್ಲೊದಲ್ಲೇ ಇದ್ದರೆಂಬ ದಾಖಲೆಯನ್ನೂ ಜತೆಗಿಟ್ಟು ನೋಡಬೇಕು.

ಮುಂದೆ ಇಂಥ ಲೇಖನಗಳ ಜತೆ ಅಂಗೈಯಗಲದ ವಂಶವೃಕ್ಷವೊಂದನ್ನು ಅಚ್ಚು ಮಾಡಿ. ಪ್ರತಿ ಹೆಸರಿನ ಮುಂದೆ ಹುಟ್ಟಿದ ವರ್ಷ, ಹೆಂಗಸರಿಗೆ ತವರಿನ ಹೆಸರು ಇರಲಿ.

ಇಂತಿ,
ಓದುಗ, ಮೈಸೂರು