ಇನಿಷಿಯಲ್ ಬಿಡಿಸಿಕೊಟ್ಟವರಿಗೆ

ಮೇಡಂ, ಹೆಸರು ಹಾಕಬೇಡಿ ಎಂದಿರಿ, ಹಾಕಿಲ್ಲ. ಬ್ರಿಟನ್‌ನ ವೈದ್ಯಕೀಯ ಮಂಡಳಿಯಾದ ಜಿಎಂಸಿಯ ನೋಂದಣಿಗೆ ಹೊರಟ ನಮ್ಮ ವೈದ್ಯರ ಕಡತಗಳನ್ನು ರಾತ್ರಿಯೆಲ್ಲ ಕೂತು ತಿದ್ದಿಕೊಟ್ಟಿದ್ದಕ್ಕೆ ಎಲ್ಲರ ಕೈಮುಗಿದ ವಂದನೆ.

ಪದವಿಪತ್ರದಲ್ಲಿ ‘ಮಂಜುನಾಥ ಕೆ.’, ಪಾಸ್‌ಪೋರ್ಟಿನಲ್ಲಿ ‘ಮಂಜುನಾಥ ಕೃಷ್ಣಪ್ಪ’. ವೈದ್ಯ ಪದವಿ ಅಸಲಿಯೇ ಎಂದು ಪರಿಶೀಲಿಸುವ ಎಪಿಕ್ ದೃಢೀಕರಣ ಸಿಕ್ಕಿಹಾಕಿಕೊಳ್ಳುವುದೇ ಇಂಥಲ್ಲಿ. ಇಬ್ಬರೂ ಒಬ್ಬರೇ ಎಂಬ ದಾಖಲೆಯನ್ನು ಮೊದಲೇ ಜೋಡಿಸಿದಿರಿ. ವೈದ್ಯರ ಮೇಲೆ ಶಿಸ್ತುಕ್ರಮವಿಲ್ಲ ಎಂದು ಇಲ್ಲಿನ ಮಂಡಳಿ ಕೊಡುವ ಗುಡ್ ಸ್ಟ್ಯಾಂಡಿಂಗ್ ಪತ್ರಕ್ಕೆ 3 ತಿಂಗಳಷ್ಟೇ ಆಯಸ್ಸು, ಅವಸರಪಟ್ಟು ತರಿಸಬೇಡಿ ಎಂದಿರಿ. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನಲ್ಲಿ ಒಟ್ಟು 7.5 ಬಂದರೆ ಸಾಲದು, ಪ್ರತಿ ವಿಭಾಗದಲ್ಲೂ 7 ಬೇಕು, ಬರವಣಿಗೆಯೇ ಕೈಕೊಡುವುದು.

ವಿದೇಶಿ ವೈದ್ಯರಿಗೆ ಜಿಎಂಸಿ ನಡೆಸುವ ಪ್ಲ್ಯಾಬ್ ಪರೀಕ್ಷೆಯ ಮೊದಲ ಭಾಗದ 180 ಪ್ರಶ್ನೆಗಳನ್ನು ಓದಿ ಗೆಲ್ಲಬಹುದು. ಮ್ಯಾಂಚೆಸ್ಟರ್‌ನಲ್ಲಿ ನಡೆಯುವ ಎರಡನೇ ಭಾಗದ 16 ಸ್ಟೇಷನ್‌ಗಳ, ಅಂದರೆ ರೋಗಿಯನ್ನು ನೋಡುವಂತೆ ನಡೆಸುವ ಪ್ರಾಯೋಗಿಕ ಸನ್ನಿವೇಶಗಳ, ಕಥೆಯೇ ಬೇರೆ: ಪ್ರತಿಯೊಂದಕ್ಕೂ ಸಿಗುವುದು ಎಂಟೆಂಟು ನಿಮಿಷ, ರೋಗಿಯ ಆತಂಕ ಕೇಳದೆ ಔಷಧಿಗೆ ಹಾರಿದರೆ ಅಂಕ ಸೋರುತ್ತದೆ. ಅದಕ್ಕೇ ವಿಡಿಯೋ ಕರೆಯಲ್ಲಿ ನೀವೇ ರೋಗಿಯಾಗಿ ಕೆಮ್ಮಿದಿರಿ, ಅತ್ತಿರಿ, ಒಮ್ಮೊಮ್ಮೆ ಬೈದಿರಿ ಕೂಡ.