ಟ್ರೈಕೊಗ್ರಾಮಾ ಸ್ಲೈಡುಗಳು ಮುಗಿದವು: ನೆನೆಯಬೇಕಾದವರು

ಬೇರೆ ಕೀಟಗಳ ಮೊಟ್ಟೆಯೊಳಗೆ ಬೆಳೆಯುವ ಪುಟ್ಟ ಹುಳು ಟ್ರೈಕೊಗ್ರಾಮಾ. ಕಾಸರಗೋಡಿನ ಗದ್ದೆಗಳ ಈ ಕಣಜಗಳ ಸ್ಲೈಡ್ ಪೆಟ್ಟಿಗೆ ಕೊನೆಗೂ ತುಂಬಿತು. ಮೂರು ಏಣೆಲು (ಮಳೆಗಾಲದ ಭತ್ತದ ಬೆಳೆ), ಎರಡು ಸುಗ್ಗಿ (ಅದರ ಮುಂದಿನ ಬೆಳೆ) ಹಿಡಿಯಿತು. ಕೆಲಸ ಸಾಗಿದ ಬಗೆ ಜೊತೆಗಿದ್ದವರಿಗೆಲ್ಲ ಗೊತ್ತು, ಅದನ್ನು ಮತ್ತೆ ಬರೆಯುವುದಿಲ್ಲ.

ಭತ್ತದ ಕಾಂಡ ಕೊರಕ ಕೀಟದ ಮೊಟ್ಟೆಗುಂಪನ್ನು ಎಲೆತುಂಡಿನ ಸಮೇತ ಕತ್ತರಿಸಿ, ಒಂದು ಗುಂಪಿಗೆ ಒಂದೇ ಗಾಜಿನ ಕೊಳವೆ ಎಂಬ ನಿಯಮ ತಪ್ಪದೆ ತಂದುಕೊಟ್ಟ ಪೆರ್ಲ, ಬದಿಯಡ್ಕ, ಮುಳ್ಳೇರಿಯ, ಕುಂಬಳೆ ಕಡೆಯ ಕೃಷಿಕರಿಗೆ, ಸೂಕ್ಷ್ಮದರ್ಶಕ ಬಿಟ್ಟುಕೊಟ್ಟವರಿಗೆ, ಡಿಎನ್‌ಎ ಪರೀಕ್ಷೆ ಮಾಡಿಸಿಕೊಟ್ಟ ಗೆಳೆಯರಿಗೆ ಕೈಮುಗಿಯುತ್ತೇವೆ. ಒಂದೇ ಮೊಟ್ಟೆಗುಂಪಿನಿಂದ ಟೆಲಿನೋಮಸ್ ಎಂಬ ಬೇರೆ ಕಣಜ ಕೂಡ ಹೊರಡುವುದುಂಟು. ಪಾದದ ಗೆಣ್ಣು ಎಣಿಸಿದರೆ ಸಾಕು: ಟ್ರೈಕೊಗ್ರಾಮಾಕ್ಕೆ ಮೂರು, ಟೆಲಿನೋಮಸ್‌ಗೆ ಐದು.

ಇವೆರಡನ್ನು ಬೇರೆ ಮಾಡುವುದು ಅಷ್ಟು ಸುಲಭ. ಟ್ರೈಕೊಗ್ರಾಮಾದೊಳಗಿನ ಪ್ರಭೇದ ಬೇರ್ಪಡಿಸುವುದು ಹಾಗಲ್ಲ. ಅರ್ಧ ಮಿಲಿಮೀಟರ್ ಆಸುಪಾಸಿನ ಈ ಜೀವಿಯ ಬಣ್ಣವನ್ನು ನಂಬುವಂತಿಲ್ಲ, ಚಳಿಯಲ್ಲಿ ಬೆಳೆದದ್ದು ಕಪ್ಪಗಾಗುತ್ತದೆ. ಗಾತ್ರವನ್ನೂ ನಂಬುವಂತಿಲ್ಲ, ಅದು ತಾನು ಬೆಳೆದ ಆಸರೆ ಕೀಟದ ಮೊಟ್ಟೆ ಎಷ್ಟು ದೊಡ್ಡದು ಎಂಬುದರ ಮೇಲೆ ನಿಂತಿದೆ. ಗಂಡಿನ ಜನನಾಂಗವೇ ನಂಬಬಹುದಾದ ಗುರುತು ಎಂದು ತೋರಿಸಿಕೊಟ್ಟವರು ಬೆಂಗಳೂರಿನಲ್ಲಿ ಕೆಲಸ ಮಾಡಿದ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ. 1971ರ ಅವರ ಬರಹ ಇಲ್ಲದಿದ್ದರೆ ಟ್ರೈಕೊಗ್ರಾಮಾದ ಪ್ರಭೇದಗಳಲ್ಲಿ ಕಿಲೋನಿಸ್ ಯಾವುದು, ಜಪೋನಿಕಮ್ ಯಾವುದು ಎಂದು ನಾವು ಇಂದಿಗೂ ಊಹಿಸುತ್ತಲೇ ಇರುತ್ತಿದ್ದೆವು. ಕಿಲೋನಿಸ್ ಗಂಡಿನ ಜನನಾಂಗದ ಬೆನ್ನಿನ ಬದಿಯ ಫಲಕ ತ್ರಿಕೋನ, ಅದಕ್ಕೆ ಎರಡೂ ಕಡೆ ಎದ್ದು ಕಾಣುವ ಭುಜಗಳು. ಜಪೋನಿಕಮ್‌ನಲ್ಲಿ ಅಂಥ ಭುಜ ಕಾಣದು. ಕಿಲೋನಿಸ್ ಗಂಡಿನ ಮೀಸೆಯ (ತಲೆಯ ಸ್ಪರ್ಶಾಂಗದ) ಅತಿ ಉದ್ದದ ಕೂದಲು ಮೀಸೆಯ ಅಗಲದ ಸುಮಾರು ಎರಡೂವರೆ ಪಟ್ಟು. ಭಾರತದ ಹಳೆಯ ವರದಿಗಳಲ್ಲಿ ಆಸ್ಟ್ರಾಲಿಕಮ್ ಎಂಬ ಪ್ರಭೇದದ ಹೆಸರಿರುವುದರಲ್ಲಿ ಬಹಳಷ್ಟು ಇಂದಿನ ಕಿಲೋನಿಸ್, ಓದುವವರು ಗಮನಿಸಬೇಕು.

ಇನ್ನು ಅಕ್ಕ. ಸ್ಲೈಡ್ ಮಾಡುವ ನಮ್ಮ ಅಕ್ಕ.

ಆಟಿ ತಿಂಗಳ (ಜೋರು ಮಳೆಗಾಲದ) ಒಂದು ರಾತ್ರಿ ಪೆಟ್ಟಿಗೆ ತೆರೆದಾಗ, ಕೀಟವನ್ನು ಗಾಜಿಗೆ ಅಂಟಿಸಿಡುವ ಹಾಯರ್ಸ್ ದ್ರಾವಣದಲ್ಲಿ ಕೂರಿಸಿದ ಸ್ಲೈಡುಗಳೆಲ್ಲ ಬೆವರಿದ್ದವು. 50 ಮಿ.ಲೀ. ನೀರು, 30 ಗ್ರಾಂ ಅರೇಬಿಕ್ ಗೋಂದು, 200 ಗ್ರಾಂ ಕ್ಲೋರಲ್ ಹೈಡ್ರೇಟ್, 20 ಮಿ.ಲೀ. ಗ್ಲಿಸರಿನ್, ಅಳತೆಯಲ್ಲಿ ತಪ್ಪಿರಲಿಲ್ಲ. ಆದರೆ ಈ ದ್ರಾವಣ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಒಣಗಿದ ಮೇಲೆ ಮುಚ್ಚುಗಾಜಿನ ಅಂಚಿಗೆ ಉಗುರುಬಣ್ಣ ಎರಡು ಸಲ ಬಳಿಯಬೇಕಿತ್ತು, ನಾವು ಬಳಿದಿರಲಿಲ್ಲ. ಮುಚ್ಚುಗಾಜುಗಳು ಜಾರಿದ್ದವು. ಅವುಗಳಲ್ಲೊಂದು ಕುಂಬಳೆ ಕಡೆಯ ಗುಂಪಿನಿಂದ ಹೊರಟಿದ್ದ ಒಂದೇ ಒಂದು ಗಂಡು. ಜೊತೆಗೆ ಹೊರಟದ್ದೆಲ್ಲ ಹೆಣ್ಣು. ಅದು ಹೋದರೆ ಆ ಗದ್ದೆಯ ಸಾಲಿನಲ್ಲಿ ಹೆಸರಿನ ಬದಲು ಪ್ರಶ್ನೆ ಚಿಹ್ನೆ ಮಾತ್ರ ಉಳಿಯುತ್ತಿತ್ತು. ಕರೆಂಟು ಇರಲಿಲ್ಲ. ನಮ್ಮಲ್ಲಿ ಒಬ್ಬರಿಗೂ ಸೂಜಿ ಮುಟ್ಟುವ ಧೈರ್ಯ ಬರಲಿಲ್ಲ. ಅಳು ಬಂತು, ಅದನ್ನು ಮುಚ್ಚಿಡುವುದಿಲ್ಲ.

ಅಕ್ಕ ಬೈಯಲಿಲ್ಲ. ಹಾಯರ್ಸ್ ನೀರಿನಲ್ಲಿ ಕರಗುತ್ತದಲ್ಲ ಎಂದಷ್ಟೇ ಹೇಳಿ ಉಗುರುಬೆಚ್ಚಗಿನ ನೀರಿನ ತಟ್ಟೆಯಲ್ಲಿ ಸ್ಲೈಡನ್ನು ಮಲಗಿಸಿದರು. ಗಾಜು ತಾನಾಗಿ ಬಿಡುವವರೆಗೆ ಕಾಯಬೇಕು, ಸೂಜಿಯಿಂದ ಎಬ್ಬಿಸಿದರೆ ಕೂದಲು ಉದುರುತ್ತವೆ, ಜನನಾಂಗ ಹರಿಯುತ್ತದೆ. ನಡುರಾತ್ರಿ ದಾಟಿದ ಮೇಲೆ ಗಾಜು ಬಿಟ್ಟಿತು. ಮೂರು ಸಲ ನೀರು ಬದಲಿಸಿದರು. ಆಮೇಲೆ 70, 80, 95, 100 ಶೇಕಡಾ ಆಲ್ಕೋಹಾಲಿನಲ್ಲಿ ಹತ್ತತ್ತು ನಿಮಿಷ, ಅಲ್ಲಿಂದ ಲವಂಗದೆಣ್ಣೆಗೆ. ಎಣ್ಣೆ ಹಾಲಿನಂತೆ ಬಿಳಿಯಾಯಿತು. ಮಳೆಗಾಲದಲ್ಲಿ ತೆರೆದಿಟ್ಟ ಶುದ್ಧ ಆಲ್ಕೋಹಾಲ್ ಕೂಡ ನೀರು ಹೀರುತ್ತದೆ, ಅದೇ ಕಾರಣ. ಅಕ್ಕ ಹೊಸ ಆಲ್ಕೋಹಾಲ್ ಸೀಸೆ ತೆರೆದು, ಒಂದು ಹೆಜ್ಜೆ ಹಿಂದೆ ಹೋಗಿ, ಮತ್ತೆ ಎಣ್ಣೆಗೆ ತಂದರು. ಈ ಸಲ ತಿಳಿಯಾಗಿ ನಿಂತಿತು.

ಕೊನೆಯ ಕೆಲಸವೇ ಕಷ್ಟದ್ದು. ಕೆನಡಾ ಬಾಲ್ಸಮ್ ಎಂಬ ಮರದ ಅಂಟಿನ ಸಣ್ಣ ಹನಿಯಲ್ಲಿ ಗಂಡನ್ನು ಬೆನ್ನು ಮೇಲಾಗಿ ಕೂರಿಸಬೇಕು. ಪಕ್ಕಕ್ಕೆ ವಾಲಿದರೆ ಫಲಕದ ಭುಜ ಕಾಣುವುದೇ ಇಲ್ಲ, ಮುಚ್ಚುಗಾಜು ಒತ್ತಿದರೆ ಚಪ್ಪಟೆಯಾಗಿ ಇಲ್ಲದ ಅಗಲ ಬರುತ್ತದೆ. ಟಾರ್ಚಿನ ಬೆಳಕಿನಲ್ಲಿ, ನಾವು ಉಸಿರು ಬಿಗಿಹಿಡಿದು ನಿಂತಿರುವಾಗ, ಅವರು ಅದನ್ನು ಮೂರನೆಯ ಸಲಕ್ಕೆ ನೇರ ಕೂರಿಸಿದರು. ಬೆಳಗಾಗುವಾಗ ಉಳಿದ ಸ್ಲೈಡುಗಳನ್ನೂ ನೀರಿಗೆ ಹಾಕಿ ಆಗಿತ್ತು. 40 ಡಿಗ್ರಿಯ ಓವನ್ನಿನಲ್ಲಿ ಮೂರು ವಾರ ಒಣಗಿದ ಮೇಲೆ ನೋಡಿದೆವು: ತ್ರಿಕೋನ, ಎರಡು ಭುಜ, ಮೀಸೆಯ ಕೂದಲು ಒಂದೂ ತಪ್ಪಿಲ್ಲ. ಕಿಲೋನಿಸ್.

ಗಂಡೇ ಹೊರಡದ ಕೆಲವು ಕೊಳವೆಗಳಿಗೆ ಈ ದಾರಿಯಿಲ್ಲ. ವೊಲ್ಬಾಕಿಯಾ ಬ್ಯಾಕ್ಟೀರಿಯಾ ಹೊಕ್ಕ ತಳಿಯಲ್ಲಿ ಹೆಣ್ಣು ಹೆಣ್ಣನ್ನೇ ಹೆರುತ್ತದೆ, ಅಲ್ಲಿ ಡಿಎನ್‌ಎಯೇ ಗತಿ. ಅದಕ್ಕೆಂದು 95 ಶೇಕಡಾ ಆಲ್ಕೋಹಾಲಿನಲ್ಲಿ ಬೇರೆಯಾಗಿ ತೆಗೆದಿಡಲು ಮೊದಲ ದಿನವೇ ಹೇಳಿದವರೂ ಅಕ್ಕನೇ.

ಪ್ರತಿ ಸ್ಲೈಡಿನ ಎಡ ಚೀಟಿಯಲ್ಲಿ ಊರು, ತಾರೀಕು, ಆಸರೆ ಕೀಟ. ಬಲ ಚೀಟಿಯಲ್ಲಿ ಪ್ರಭೇದದ ಹೆಸರು, ಅದರ ಕೆಳಗೆ ಸ್ಲೈಡ್ ಮಾಡಿದವರ ಹೆಸರು. ತಮ್ಮ ಹೆಸರು ಬೇಡ ಎಂದಿದ್ದರು ಅಕ್ಕ. ಬರೆದಿದ್ದೇವೆ.